ಬೆವರುವ ಹೆಲ್ಮೆಟ್

ಒರೆಸಿ, ಒಣಗಿಸಿ ಇಟ್ಟಿದ್ದ ಯುದ್ಧಕಾಲದ ಉಕ್ಕಿನ ಹೆಲ್ಮೆಟ್ ಮಾರನೇ ದಿನ ಬೆವರಿತ್ತು. ಮೈತುಂಬಾ ಸಾಸಿವೆ ಕಾಳಿನಷ್ಟು ಕಿತ್ತಳೆ ಹನಿಗಳು. ತುಕ್ಕಿನೊಳಗೆ ಉಪ್ಪು ಕೂತಿದ್ದರೆ ಹೀಗಾಗುತ್ತದೆ. ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ.

ಇದು ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕನಾಲ್. 1942ರ ಆಗಸ್ಟ್ 7ಕ್ಕೆ ಅಮೆರಿಕದ ಸೈನಿಕರು ಇಲ್ಲಿ ಬಂದಿಳಿದರು. ಜಪಾನಿನ ಸೈನ್ಯದ ಜೊತೆ ಆರು ತಿಂಗಳು ಕಾದಾಟ. ಇಬ್ಬರೂ ಬಿಟ್ಟುಹೋದ ಸಾಮಾನು ಗೆಣಸು ಅಗೆಯುವವರಿಗೆ ಇವತ್ತಿಗೂ ಸಿಗುತ್ತದೆ. ಅದನ್ನೆಲ್ಲ ಕೂಡಿಟ್ಟ ಒಂದು ಹಳ್ಳಿ ಮ್ಯೂಸಿಯಂನಲ್ಲಿ ಲೋಹದ ವಸ್ತುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಶೆಲ್ಲೋ ಬಾಂಬೋ ಅಂತ ಅನುಮಾನ ಬಂದರೆ ನಾವು ಮುಟ್ಟುವುದೇ ಇಲ್ಲ. ಪೊಲೀಸರಿಗೆ ಹೇಳುತ್ತೇವೆ. 2021ರಲ್ಲಿ ಇಲ್ಲಿನ ರಾಜಧಾನಿ ಹೊನಿಯಾರಾದಲ್ಲಿ ಅಡುಗೆಗೆ ಬೆಂಕಿ ಹಾಕಿದ ಜಾಗದ ಕೆಳಗೇ ಹಳೇ ಶೆಲ್ ಸಿಡಿದು ಜನ ಸತ್ತರು.

ಹೆಲ್ಮೆಟ್ಟನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿದೆ. ಮಳೆನೀರು, ಅದಕ್ಕೆ ವಾಷಿಂಗ್ ಸೋಡಾ. ಸೋಡಾ ಇದ್ದರೆ ನೆನೆಯುವಾಗ ಹೊಸ ತುಕ್ಕು ಹಿಡಿಯುವುದಿಲ್ಲ, ಉಪ್ಪು ನಿಧಾನಕ್ಕೆ ಹೊರಗೆ ಬರುತ್ತದೆ. ಆಗಾಗ ನೀರು ಬದಲಿಸಬೇಕು. ಬದಲಿಸುವ ಮುಂಚೆ ಒಂದಿಷ್ಟು ನೀರಿಗೆ ನೈಟ್ರಿಕ್ ಆಸಿಡ್, ಆಮೇಲೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡುತ್ತೇನೆ. ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪು ಇನ್ನೂ ಇದೆ. ನೀರು ತಿಳಿಯಾಗಿ ಉಳಿಯುವುದಕ್ಕೆ ಎಂಟು ತಿಂಗಳು ಹಿಡಿಯಿತು.

ಆಮೇಲೆ ಸೋಡಾ ಹೋಗುವ ತನಕ ತೊಳೆದು, ಒಣಗಿಸಿ, ಟ್ಯಾನಿಕ್ ಆಸಿಡ್ ಹಚ್ಚಿದೆ. ಕೆಂಪು ತುಕ್ಕು ಕಣ್ಣೆದುರೇ ನೀಲಿಗಪ್ಪಾಯಿತು. ನಮ್ಮ ಕಡೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ವಾ, ಅದೇ ಕಪ್ಪು. ಮೇಲೆ ತೆಳುವಾಗಿ ಮೇಣ. ಪೇಂಟ್ ಹೊಡೆದು ಹೊಳೆಸಿ ಅನ್ನುವವರು ತುಂಬಾ ಜನ. ನನಗೆ ಅದು ಬೇಡ. ಪೇಂಟಿನ ಕೆಳಗೆ ತುಕ್ಕು ತಿನ್ನುತ್ತಿದ್ದರೂ ಗೊತ್ತಾಗುವುದಿಲ್ಲ.

ಒಂದು ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ಅಲ್ಯೂಮಿನಿಯಂ ನೀರಿನ ಬಾಟಲಿಯೊಂದನ್ನು ವೈರ್ ಬ್ರಷ್‌ನಿಂದ ಉಜ್ಜಿಬಿಟ್ಟೆ. ಬೆಳಕಿಗೆ ಓರೆಯಾಗಿ ಹಿಡಿದಾಗಲೇ ಕಂಡದ್ದು, ಯಾರೋ ಮೊಳೆಯಲ್ಲಿ ಕೆರೆದ ಅಕ್ಷರಗಳು. ಎರಡು ಉಳಿದಿವೆ. ಮಿಕ್ಕವು ನನ್ನ ಕೈಯಲ್ಲೇ ಹೋದವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗ ಮೊದಲು ಫೋಟೋ, ಆಮೇಲೆ ಮೆತ್ತನೆ ಬ್ರಷ್ಷು.

ಹೆಲ್ಮೆಟ್ ತಂದುಕೊಟ್ಟ ಅಜ್ಜಿ ಮೊನ್ನೆ ನೋಡಲು ಬಂದಿದ್ದರು. ಬದಿಯ ತೂತಿನ ಸುತ್ತ ಬೆರಳಾಡಿಸಿ, ಸುಮ್ನೆ ಕೂತಿದ್ದು ಹೋದರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಕೈಗೆತ್ತಿಕೊಂಡು ನೋಡುತ್ತೇನೆ. ಒಂದು ಹನಿ ಕಂಡರೂ ಮತ್ತೆ ಡ್ರಮ್ಮಿಗೆ.