ಗಾರ್ಡಾ ದಡದಲ್ಲಿ ಒಂದು ದಿನ: ಡೆಸೆಂಜಾನೊದಿಂದ ಸಿರ್ಮಿಯೋನೆಗೆ ನಡೆದು ಹೋಗುವುದು ಹೇಗೆ?

ಮಿಲಾನ್‌ನಿಂದ ವೆನಿಸ್ ಕಡೆಗೆ ರೈಲಿನಲ್ಲಿ ಹೋಗುವಾಗ ಎಡಗಡೆ ಕಿಟಕಿಯಲ್ಲಿ ಒಂದು ದೊಡ್ಡ ನೀರಿನ ಹರವು ಕಾಣಿಸಿ ಮರೆಯಾಗುತ್ತದೆ. ಅದೇ ಗಾರ್ಡಾ. ಸುಮಾರು 370 ಚದರ ಕಿ.ಮೀ. ಹರಡಿಕೊಂಡಿರುವ, ಇಟಲಿಯ ಅತಿ ದೊಡ್ಡ ಸರೋವರ. ಇಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಬಸ್ ಹಿಡಿದು ಸೀದಾ ಸಿರ್ಮಿಯೋನೆಗೆ ಹೋಗುತ್ತಾರೆ. ಕೋಟೆ ಮುಂದೆ ಫೋಟೊ, ಕೈಯಲ್ಲೊಂದು ಐಸ್‌ಕ್ರೀಂ, ಅಲ್ಲಿಗೆ ಮುಗಿಯಿತು. ಒಂದು ಇಡೀ ದಿನ ಕೈಯಲ್ಲಿದ್ದರೆ ಹಾಗೆ ಮಾಡಬೇಡಿ. ಪಕ್ಕದ ಡೆಸೆಂಜಾನೊದಿಂದ ಶುರು ಮಾಡಿ, ದಡ ಹಿಡಿದು ನಡೆಯಿರಿ.

ಇದಕ್ಕೊಂದು ಕಾರಣವಿದೆ. ಎರಡೂ ಊರಿನಲ್ಲಿ ಸಿರಿವಂತ ರೋಮನ್ನರ ಮನೆಗಳ ಅವಶೇಷಗಳಿವೆ. ಡೆಸೆಂಜಾನೊದಲ್ಲಿ ಗೋಡೆ ಹೋಗಿ ನೆಲ ಉಳಿದಿದೆ. ಸಿರ್ಮಿಯೋನೆಯಲ್ಲಿ ಚೆಂದದ ನೆಲ ಹೋಗಿ, ಅದನ್ನು ಹೊತ್ತು ನಿಂತಿದ್ದ ಗೋಡೆ, ಕಮಾನುಗಳು ಉಳಿದಿವೆ. ಮೊದಲು ನೆಲ ನೋಡಿ, ಆಮೇಲೆ ಗೋಡೆ ನೋಡಿದರೆ ತಲೆಯೊಳಗೆ ಒಂದು ಪೂರ್ತಿ ಮನೆ ಎದ್ದು ನಿಲ್ಲುತ್ತದೆ. ಅದಕ್ಕೇ ಈ ದಿಕ್ಕಿನಲ್ಲೇ ನಡೆಯಬೇಕು ಎನ್ನುವುದು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಬೇಡ. ಇಲ್ಲಿನ ಸರ್ಕಾರಿ ಮ್ಯೂಸಿಯಂ, ಪುರಾತತ್ವ ತಾಣಗಳು ಸಾಮಾನ್ಯವಾಗಿ ಅಂದು ಮುಚ್ಚಿರುತ್ತವೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಜನವೋ ಜನ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ನಡೆಯಲು ಚೆನ್ನ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ರಜೆಗೆ ಬಂದ ಯುರೋಪಿಯನ್ನರೂ ಜಾಸ್ತಿ. ಚಳಿಗಾಲದಲ್ಲಿ ತಾಣಗಳು ಬೇಗ ಬಾಗಿಲು ಹಾಕುತ್ತವೆ, ದೋಣಿಗಳೂ ಕಡಿಮೆ. ತೆರೆಯುವ, ಮುಚ್ಚುವ ಹೊತ್ತನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ರೈಲು ಸುಲಭ. ಡೆಸೆಂಜಾನೊ ನಿಲ್ದಾಣ ಮಿಲಾನ್–ವೆನಿಸ್ ಮಾರ್ಗದಲ್ಲೇ ಇದೆ. ವೆರೋನಾದಿಂದ ಅರ್ಧ ಗಂಟೆಯೂ ಬೇಡ, ಮಿಲಾನ್‌ನಿಂದ ಒಂದು ಗಂಟೆಗೆ ತುಸು ಮೇಲೆ. ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟುವುದು ಯಾರಿಗೆ ಬೇಕು ಹೇಳಿ? ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಡೆಸೆಂಜಾನೊದಲ್ಲಿರುವ ಹಾಗೆ ಹೊರಡಿ.

ನಿಲ್ದಾಣ ಎತ್ತರದಲ್ಲಿದೆ. ಇಳಿಜಾರಿನಲ್ಲಿ ಸುಮಾರು ಕಾಲು ಗಂಟೆ ನಡೆದರೆ ಹಳೇ ಬಂದರು ಸಿಗುತ್ತದೆ. ಅಲ್ಲೊಂದು ಕಾಫಿ ಕುಡಿದು ರೋಮನ್ ವಿಲ್ಲಾಕ್ಕೆ ಹೋಗಿ. ಊರಿನ ಮನೆಗಳ ನಡುವೆಯೇ ಇದೆ. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. 1921ರಲ್ಲಿ ಇದು ಬೆಳಕಿಗೆ ಬಂತು. ಈಗ ಕಾಣುವುದರಲ್ಲಿ ಹೆಚ್ಚಿನ ಭಾಗ ಕ್ರಿ.ಶ. 4ನೇ ಶತಮಾನದ್ದು, ಅಡಿಯಲ್ಲಿ ಅದಕ್ಕಿಂತ ಹಳೆಯ ಕಟ್ಟಡದ ಪದರಗಳಿವೆ.

ಇಲ್ಲಿ ಅವಸರ ಮಾಡಬೇಡಿ. 200 ಚದರ ಮೀಟರ್‌ಗೂ ಹೆಚ್ಚು ಮೊಸಾಯಿಕ್ ನೆಲ ಉಳಿದಿದೆ. ಬಣ್ಣಬಣ್ಣದ ಸಣ್ಣ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೂರಿಸಿ ಮಾಡಿದ ಚಿತ್ರಗಳು. ರೆಕ್ಕೆಯ ಪುಟ್ಟ ಮಕ್ಕಳು ಒಂದು ಕಡೆ ಮೀನು ಹಿಡಿಯುತ್ತಿದ್ದಾರೆ, ಇನ್ನೊಂದು ಕಡೆ ದ್ರಾಕ್ಷಿ ಕೊಯ್ಯುತ್ತಿದ್ದಾರೆ. ಮೀನೂ ದ್ರಾಕ್ಷಿಯೂ ಈ ದಡದ ಜನರ ಇವತ್ತಿನ ಬದುಕೂ ಹೌದು. ಸುಮಾರು 1,700 ವರ್ಷಗಳ ಹಿಂದಿನ ಆ ಯಜಮಾನ ತನ್ನ ಕಿಟಕಿಯಿಂದ ಕಾಣುತ್ತಿದ್ದುದನ್ನೇ ನೆಲಕ್ಕೆ ಹಾಕಿಸಿಕೊಂಡನೋ ಏನೋ. ಎಂಟು ಮೂಲೆಯ ಮುಂಗೋಣೆ, ಕಂಬಗಳ ಸಾಲಿನ ಅಂಗಳ, ಅತಿಥಿಗಳನ್ನು ಕೂರಿಸುತ್ತಿದ್ದ ದೊಡ್ಡ ಹಜಾರ, ಈ ಕ್ರಮದಲ್ಲೇ ನೋಡುತ್ತಾ ಹೋಗಿ. ಮನೆಗೆ ಬಂದ ನೆಂಟನ ದಾರಿ ಅದು. ಕೋಣೆಗಳು ಒಂದರ ಹಿಂದೆ ಒಂದು ಹೇಗೆ ಬರುತ್ತವೆ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಧ್ಯಾಹ್ನ ಕೆಲಸಕ್ಕೆ ಬರುತ್ತದೆ.

ಹೊತ್ತಿದ್ದರೆ ಊರಿನ ಪುರಾತತ್ವ ಮ್ಯೂಸಿಯಂಗೂ ಇಣುಕಿ. ಹತ್ತಿರದ ಲವಾನ್ಯೋನೆ ಎಂಬ ಜೌಗು ನೆಲದಲ್ಲಿ ಸಿಕ್ಕ ಓಕ್ ಮರದ ನೇಗಿಲು ಅಲ್ಲಿದೆ. ಸುಮಾರು 4,000 ವರ್ಷ ಹಳೆಯದು. ನೇಗಿಲು ನೋಡಿ ಬೆಳೆದವರು ಅದರ ಮುಂದೆ ಐದು ನಿಮಿಷ ನಿಲ್ಲದೇ ಇರಲಾರರು. ಚರ್ಚು, ಕೋಟೆ ಎಲ್ಲ ಸೇರಿಸಿಕೊಂಡರೆ ನಡಿಗೆಗೆ ತಡವಾಗುತ್ತದೆ, ಇವತ್ತಿಗೆ ಬಿಡಿ.

ಹನ್ನೊಂದರ ಸುಮಾರಿಗೆ ಹೊರಡಿ. ಸಿರ್ಮಿಯೋನೆ ಕೋಟೆಯವರೆಗೆ ಸುಮಾರು 10 ಕಿ.ಮೀ. ಏರು ಇಲ್ಲ, ಎಲ್ಲ ಸಮತಟ್ಟು. ನಿಲ್ಲುತ್ತಾ, ಕೂರುತ್ತಾ ಹೋದರೂ ಮೂರು ಗಂಟೆ ಸಾಕು. ನೀರು ಎಡಗಡೆ ಇರಬೇಕು, ಅಷ್ಟೇ ಲೆಕ್ಕ. ರಿವೊಲ್ಟೆಲ್ಲಾ ಎಂಬ ಪುಟ್ಟ ಊರಿನವರೆಗೆ ನೀರಿನ ಪಕ್ಕದಲ್ಲೇ ಒಳ್ಳೆಯ ಕಾಲುದಾರಿ ಇದೆ. ಬೆಂಚು, ಮರದ ನೆರಳು, ಬಾತುಕೋಳಿ, ನಾಯಿ ಹಿಡಿದು ಓಡಾಡುವ ಅಜ್ಜಂದಿರು, ಆರಾಮದ ದಾರಿ.

ರಿವೊಲ್ಟೆಲ್ಲಾ ದಾಟಿದ ಮೇಲೆ ಅಷ್ಟು ನೇರವಿಲ್ಲ. ಕೆಲವು ಕಡೆ ಉರುಟುಕಲ್ಲಿನ ದಡದಲ್ಲಿ ನಡೆಯಬೇಕು, ಕೆಲವು ಕಡೆ ಖಾಸಗಿ ತೋಟ, ಹೋಟೆಲುಗಳು ಅಡ್ಡ ಬಂದು ರಸ್ತೆ ಬದಿಗೆ ಹೋಗಬೇಕು. ಬೇಸರ ಬೇಡ, ಮತ್ತೆ ದಡಕ್ಕೆ ಇಳಿಯುವ ದಾರಿ ಸಿಗುತ್ತದೆ. ಚಪ್ಪಲಿಗಿಂತ ಗಟ್ಟಿ ಶೂ ಒಳ್ಳೆಯದು. ಬಾಟಲಿಯನ್ನು ಊರೊಳಗಿನ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಿ, ಟೋಪಿ ಇರಲಿ. ಬಲಗಡೆ ಒಳನಾಡಿನಲ್ಲಿ ಒಂದು ಎತ್ತರದ ಗೋಪುರ ಕಂಡರೆ ಅದು ಸಾನ್ ಮಾರ್ಟಿನೊ ಎಂಬ ಊರಿನದು. 1859ರ ಜೂನ್ 24ರಂದು ಇಲ್ಲಿಯೂ ಪಕ್ಕದ ಸೊಲ್ಫೆರಿನೊದಲ್ಲಿಯೂ ಭಾರೀ ಯುದ್ಧ ನಡೆಯಿತು. ಸೊಲ್ಫೆರಿನೊದ ಗಾಯಾಳುಗಳ ಪಾಡು ಕಂಡು ಹೆನ್ರಿ ಡ್ಯೂನಾಂಟ್ ಮನಸ್ಸಿನಲ್ಲಿ ಮೂಡಿದ ಯೋಚನೆಯೇ ಮುಂದೆ ರೆಡ್ ಕ್ರಾಸ್ ಆಯಿತು.

ಊಟವನ್ನು ದಾರಿಯಲ್ಲೇ ಸಿಗುವ ಕೊಲೊಂಬಾರೆ ಎಂಬ ಊರಿನಲ್ಲಿ ಮುಗಿಸಿ. ಸಿರ್ಮಿಯೋನೆ ಹಳೇ ಊರಿಗೆ ಹೋದ ಮೇಲೆ ಅಂದುಕೊಂಡರೆ ಜನದಟ್ಟಣೆ, ದುಡ್ಡೂ ಹೆಚ್ಚು. ಇಟಲಿಯ ಎಷ್ಟೋ ಹೋಟೆಲುಗಳು ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿಬಿಡುತ್ತವೆ, ಗಮನವಿರಲಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಮಾತು: ಪಾಸ್ತಾ ಮೇಲೆ ಉದುರಿಸುವ ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಬೇಡವಾದರೆ ಮೊದಲೇ ಹೇಳಿ.

ಕೊಲೊಂಬಾರೆಯಿಂದ ಎಡಕ್ಕೆ ತಿರುಗಿದರೆ ಸರೋವರದೊಳಗೆ ಚಾಚಿದ ಸಿರ್ಮಿಯೋನೆಯ ನೆಲದ ನಾಲಿಗೆ ಶುರು. ಆ ನೆಲದ ಆಕಾರ ಸೌಟಿನ ಹಾಗೆ. ಉದ್ದಕ್ಕೆ ಸಣಕಲು ಹಿಡಿ, ತುದಿಯಲ್ಲಿ ಅಗಲ. ಹಿಡಿ ಮುಗಿಯುವಲ್ಲಿ ಸ್ಕಾಲಿಜರ್ ಕೋಟೆ. ವೆರೋನಾ ಆಳಿದ ಡೆಲ್ಲಾ ಸ್ಕಾಲಾ ಮನೆತನದವರು ಕಟ್ಟಿಸಿದ್ದು. ಸುತ್ತ ನೀರು, ಪಕ್ಕದಲ್ಲಿ ಹಡಗು ನಿಲ್ಲಿಸಲು ಗೋಡೆ ಕಟ್ಟಿದ ಬಂದರು. ಒಳಗೆ ಹೋಗಿ ಬುರುಜು ಹತ್ತಬಹುದು. ನನ್ನನ್ನು ಕೇಳಿದರೆ, ಕಾಲು ಸೋತಿದ್ದರೆ ಕೋಟೆಯನ್ನು ಹೊರಗಿನಿಂದಲೇ ನೋಡಿ, ಶಕ್ತಿಯನ್ನು ಮುಂದಕ್ಕೆ ಉಳಿಸಿಕೊಳ್ಳಿ.

ಮುಂದೆ ಇರುವುದು ಗ್ರೊಟ್ಟೆ ದಿ ಕಟುಲ್ಲೊ, ಸಿರ್ಮಿಯೋನೆಯ ಆ ರೋಮನ್ ಮನೆಯ ಅವಶೇಷ. ಕೋಟೆಯಿಂದ ಕಾಲು ಗಂಟೆ, ಇಪ್ಪತ್ತು ನಿಮಿಷದ ದಾರಿ. ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗಿಂತ ಮೊದಲೇ ನಿಲ್ಲುತ್ತದೆ, ಮೂರೂವರೆ ಒಳಗೆ ತಲುಪಿ. ಮನೆಯ ಉದ್ದ 167 ಮೀಟರ್, ಅಗಲ 105 ಮೀಟರ್. ರೋಮನ್ ಕವಿ ಕಟುಲ್ಲಸ್‌ನ ಹೆಸರು ಇದಕ್ಕೆ ಅಂಟಿಕೊಂಡಿದೆ. ಅವನಿಗೆ ಸಿರ್ಮಿಯೋನೆಯಲ್ಲಿ ಮನೆ ಇದ್ದದ್ದು ನಿಜ, ಊರಿನ ಮೇಲೆ ಕವಿತೆ ಬರೆದದ್ದೂ ನಿಜ. ಆದರೆ ಅವನು ತೀರಿಕೊಂಡದ್ದು ಕ್ರಿ.ಪೂ. 54ರ ಆಸುಪಾಸು. ಈ ಮನೆ ಎದ್ದದ್ದು ಅದಾದ ಕೆಲವು ದಶಕಗಳ ಮೇಲೆ.

ಒಳಗೆ ಹೋದವರು ಮೊದಲು ಗೊಂದಲಕ್ಕೆ ಬೀಳುತ್ತಾರೆ. ಎಲ್ಲಿ ಹಜಾರ, ಎಲ್ಲಿ ಮಲಗುವ ಕೋಣೆ? ಮೊಸಾಯಿಕ್ ಎಲ್ಲಿ? ವಿಷಯ ಏನೆಂದರೆ, ಯಜಮಾನರು ಓಡಾಡುತ್ತಿದ್ದ ಅಂತಸ್ತು ಬಹುಪಾಲು ಇಲ್ಲ. ಮನೆ ಪಾಳು ಬಿದ್ದ ಮೇಲೆ ಜನ ಶತಮಾನಗಟ್ಟಲೆ ಇಲ್ಲಿಂದ ಕಲ್ಲು ಹೊತ್ತುಕೊಂಡು ಹೋದರು. ಬಂಡೆ ಉತ್ತರಕ್ಕೆ ಇಳಿಜಾರಾಗಿದ್ದುದರಿಂದ ನೆಲವನ್ನು ಮಟ್ಟ ಮಾಡಲು ರೋಮನ್ನರು ಅಡಿಯಲ್ಲಿ ದೈತ್ಯ ಗೋಡೆ, ಕಮಾನುಗಳನ್ನು ಎಬ್ಬಿಸಿದ್ದರು. ನಾವು ಬಾಯಿ ಬಿಟ್ಟು ನೋಡುವುದು ಆ ಅಡಿಪಾಯವನ್ನು! ಬೆಳಿಗ್ಗೆ ನೋಡಿದ ನೆಲವನ್ನು ಈಗ ಈ ಕಮಾನುಗಳ ಮೇಲೆ ಹಾಸಿ ನೋಡಿ. ನಡುವಿನ ಆಲಿವ್ ತೋಪು ಹಿಂದೆ ಮನೆಯ ತೋಟ. 43 ಮೀಟರ್ ಉದ್ದದ ನೀರಿನ ತೊಟ್ಟಿ ಇದೆ, ಹುಡುಕಿ ನೋಡಿ. ಆಮೇಲೆ ಉತ್ತರದ ತುದಿಗೆ ಹೋಗಿ ಕೆಳಗಿನಿಂದ ಗೋಡೆಗಳನ್ನು ತಲೆಯೆತ್ತಿ ನೋಡಿ. ಎತ್ತರ ಗೊತ್ತಾಗುವುದು ಅಲ್ಲಿಂದಲೇ.

ವಾಪಸ್ ಬರುವಾಗ ಸಾನ್ ಪಿಯೆತ್ರೊ ಇನ್ ಮಾವಿನೊ ಚರ್ಚಿನ ಹಳೇ ಭಿತ್ತಿಚಿತ್ರಗಳನ್ನು ನೋಡಬಹುದು, ಆಲಿವ್ ಮರಗಳ ನಡುವೆ ಜನ ಕಡಿಮೆ. ಡೆಸೆಂಜಾನೊಗೆ ಮತ್ತೆ ನಡೆಯಬೇಕಿಲ್ಲ. ಕೋಟೆ ಹತ್ತಿರದ ಕಟ್ಟೆಯಿಂದ ದೋಣಿ ಹಿಡಿದರೆ ಸುಮಾರು ಇಪ್ಪತ್ತು ನಿಮಿಷ. ಸಿರ್ಮಿಯೋನೆಗೆ ಬಂದ ಕೂಡಲೇ ಕೊನೆಯ ದೋಣಿಯ ಹೊತ್ತು ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಅದು ತಪ್ಪಿದರೆ ಡೆಸೆಂಜಾನೊ ರೈಲು ನಿಲ್ದಾಣಕ್ಕೆ ಹೋಗುವ ಬಸ್ಸಿದೆ. ಬೇಸಿಗೆ ಸಂಜೆ ಅದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ರೈಲಿನ ಟಿಕೆಟ್ ಮೊದಲೇ ಕೊಂಡಿದ್ದರೆ ಒಂದು ಗಂಟೆ ಮುಂಚೆ ಹೊರಡಿ.