ಕ್ಯಾನ್ಸಸ್ ಬಯಲಿನ ಕಲ್ಲಿನ ಚರ್ಚುಗಳನ್ನು ನೋಡುವುದು ಹೇಗೆ?

ಅಮೆರಿಕದ ಕ್ಯಾನ್ಸಸ್ ಸಿಟಿಯಿಂದ ಡೆನ್ವರ್‌ಗೆ ಐ-70 ಹೈವೇಯಲ್ಲಿ ಹೋಗುವ ನಮ್ಮವರು ಹೇಸ್ ಊರಿನ ಹತ್ತಿರ ಗ್ಯಾಸ್ ತುಂಬಿಸಿ, ಕಾಫಿ ಕುಡಿದು ಹೊರಟುಬಿಡುತ್ತಾರೆ. ಇನ್ನೊಮ್ಮೆ ಹೋಗುವಾಗ ಅರ್ಧ ದಿನ ಉಳಿಸಿಕೊಳ್ಳಿ. ಹೇಸ್‌ಗಿಂತ ಮೊದಲೇ ಎಕ್ಸಿಟ್ 168ರಲ್ಲಿ ಇಳಿದುಬಿಡಿ. ಅದು ವಿಕ್ಟೋರಿಯಾ. ಪುಟ್ಟ ಊರು, ಆದರೆ 141 ಅಡಿಯ ಜೋಡಿ ಗೋಪುರ ಹೈವೇಗೇ ಕಾಣಿಸುತ್ತದೆ.

ಅದು ಸೇಂಟ್ ಫಿಡೆಲಿಸ್ ಚರ್ಚು. ಎಲ್ಲರೂ 'ಬಯಲಿನ ಕೆಥೆಡ್ರಲ್' ಅಂತಾರೆ. 1912ರಲ್ಲಿ ಬಂದಿದ್ದ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಇಟ್ಟ ಹೆಸರಂತೆ. ಕೆಥೆಡ್ರಲ್ ಅಂದರೆ ಬಿಷಪ್ಪರ ಪೀಠವಿರುವ ಚರ್ಚು. ಆ ಪೀಠ ಇಲ್ಲಿಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ.

ಒಳಗೆ ಹೋಗುವ ಆತುರ ಬೇಡ. ಮೊದಲು ಹೊರಗೋಡೆಯ ಪಕ್ಕ ನಿಂತು ಕಲ್ಲು ನೋಡಿ. ಬೆಣ್ಣೆ ಬಣ್ಣದ ಸುಣ್ಣಕಲ್ಲು. ಕೆಲವು ಕಲ್ಲಿನ ನಡುವೆ ತುಕ್ಕಿನ ಬಣ್ಣದ ಗೆರೆ ಇರುತ್ತದೆ, ಅದು ಕಬ್ಬಿಣದ ಅಂಶ. ಮರ ಸಿಗದ ಈ ಸೀಮೆಯಲ್ಲಿ ಬೇಲಿಯ ಕಂಬಕ್ಕೂ ಇದೇ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಒಣಗುತ್ತಾ ಗಟ್ಟಿಯಾಗುತ್ತದೆ. ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಬಡಿಯುತ್ತಾ ಬಂದರೆ ನೇರವಾಗಿ ಸೀಳುತ್ತದೆ. ನಮ್ಮ ಕಲ್ಲುಕುಟಿಗರ ಕೆಲಸವೂ ಹೀಗೇ, ಅಲ್ವಾ? ದಾರಿಬದಿಯ ಹಳೇ ಬೇಲಿಕಂಬದ ಅಂಚು ಮುಟ್ಟಿ ನೋಡಿ. ಅರ್ಧ ಸೀಳಿದ ತೂತುಗಳ ಸಾಲು ಬೆರಳಿಗೆ ಸಿಗುತ್ತದೆ.

ಕಟ್ಟಿದವರು ವೋಲ್ಗಾ ಜರ್ಮನ್ನರು. ರಷ್ಯಾದ ವೋಲ್ಗಾ ನದಿಯ ದಡದಲ್ಲಿ ತಲೆಮಾರುಗಳ ಕಾಲ ಬದುಕಿ, 1876ರಲ್ಲಿ ಇಲ್ಲಿಗೆ ಬಂದ ರೈತರು. ಕಟ್ಟಡದ ಕೆಲಸ ನಡೆದದ್ದು 1908ರಿಂದ 1911ರವರೆಗೆ. 12 ವರ್ಷ ತುಂಬಿದ ಪ್ರತಿಯೊಬ್ಬರ ಲೆಕ್ಕಕ್ಕೂ ವರ್ಷಕ್ಕೆ 45 ಡಾಲರ್ ಜೊತೆಗೆ 6 ಗಾಡಿ ಕಲ್ಲು ಕೊಡಬೇಕಿತ್ತು. ಮನೆ ತುಂಬ ಮಕ್ಕಳಿದ್ದವರ ಪಾಡು ನೀವೇ ಊಹಿಸಿ. ಇದನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋಗಿ, ಬಣ್ಣದ ಗಾಜಿನ ಕಿಟಕಿಗಳು ಆಗ ಬೇರೆ ಥರ ಕಾಣುತ್ತವೆ.

ಟೈಮ್ ಇದ್ದರೆ ದಕ್ಷಿಣಕ್ಕಿರುವ ಫೈಫರ್‌ಗೂ ಹೋಗಿ. ನನ್ನನ್ನು ಕೇಳಿದರೆ ವಿಕ್ಟೋರಿಯಾಗಿಂತ ಅದೇ ಚೆಂದ. ಸುತ್ತ ಏನೂ ಇಲ್ಲ, ನಡುವೆ 1918ರ ಹೋಲಿ ಕ್ರಾಸ್ ಚರ್ಚು. ರೈತರು ಮಾರಿದ ಗೋಧಿಯಲ್ಲಿ ಬುಷೆಲ್‌ಗೆ (ಅದು ಧಾನ್ಯದ ಅಳತೆ) 2 ಸೆಂಟ್ ಎತ್ತಿಟ್ಟು ಕಟ್ಟಿದ್ದರಿಂದ 'ಎರಡು ಸೆಂಟಿನ ಚರ್ಚು' ಅಂತಲೂ ಹೆಸರು. 1993ರಲ್ಲಿ ಪ್ಯಾರಿಷ್, ಅಂದರೆ ಚರ್ಚಿನ ಭಕ್ತರ ಸಮುದಾಯ, ಮುಚ್ಚಿತು. ಬೀಗ ಹಾಕಿರಬಹುದು, ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಮಳೆ ಬಂದ ಮರುದಿನ ಮಣ್ಣು ರಸ್ತೆಗೆ ಇಳಿಯಬೇಡಿ, ಕಾರು ಹೂತುಹೋಗುತ್ತದೆ. ಸ್ಮಶಾನದ ಕಬ್ಬಿಣದ ಶಿಲುಬೆಗಳನ್ನು ನೋಡುವಾಗ ಎತ್ತರದ ಹುಲ್ಲಿಗೆ ಸುಮ್ನೆ ಕಾಲಿಡಬೇಡಿ, ಈ ಕಡೆ ಬುಡುಬುಡುಕೆ ಹಾವಿದೆ (ರ‍್ಯಾಟಲ್‌ಸ್ನೇಕ್). ಪೂಜೆ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಡಿ. ಊಟ ಮನೆಯಿಂದಲೇ ಕಟ್ಟಿಕೊಳ್ಳಿ. ಇಲ್ಲಿನ ಬೀರಾಕ್ ಬನ್ ನೋಡಿ ಎಲೆಕೋಸಿನ ಪಲ್ಯ ಅಂದುಕೊಂಡೀರಿ, ಒಳಗೆ ದನದ ಮಾಂಸವೂ ಇರುತ್ತದೆ. ಚಿತ್ರಾನ್ನವೇ ವಾಸಿ.