ಚರ್ಮದ ಹೊಲಿಗೆ: ಹಿಂಬದಿಯೂ ನೀಟಾಯಿತು

ಪರ್ಸಿನ ಹೊಲಿಗೆ ಮುಂದೆ ಚೆಂದ ಓರೆಯಾಗಿ ಕೂರುತ್ತಿತ್ತು, ಹಿಂದೆ ಮಾತ್ರ ಒಂದು ನೆಟ್ಟಗೆ, ಇನ್ನೊಂದು ಸೊಟ್ಟ. ದಾರ ಬದಲಾಯಿಸಿದರೂ ಅಷ್ಟೇ. ಕಾರಣ ಸೂಜಿಗಳ ಕ್ರಮದಲ್ಲಿತ್ತು.

ಒಂದೇ ದಾರದ ಎರಡು ತುದಿಗೂ ಸೂಜಿ ಇರುತ್ತದಲ್ವಾ? ಈಗ ಪ್ರತಿ ತೂತಿಗೂ ಮೊದಲು ಹಿಂಬದಿಯ ಸೂಜಿ ತೂರಿಸುತ್ತೇನೆ. ಆ ದಾರವನ್ನು ಹೊಲಿದ ಕಡೆಗೆ ಎಳೆದು ಹಿಡಿದು, ಮುಂಬದಿಯ ಸೂಜಿಯನ್ನು ಯಾವಾಗಲೂ ಅದರ ಒಂದೇ ಪಕ್ಕದಲ್ಲಿ ಹಾಕುತ್ತೇನೆ. ಮೊದಲ ದಾರ ಆಡಿಸಿ ನೋಡಬೇಕು. ಜಾರದಿದ್ದರೆ ಸೂಜಿ ಅದನ್ನೇ ಚುಚ್ಚಿದೆ ಅಂತ. ಎರಡನೇ ಸೂಜಿಯ ಮೊನೆ ಹಿಂದೆ ಕಂಡಾಗ, ಅಲ್ಲಿನ ಸಡಿಲ ದಾರವನ್ನು ಅದರ ಮೇಲೆ ಒಮ್ಮೆ ಹಾಯಿಸಿದೆ. ಗುಟ್ಟು ಇದೇ! ಎರಡೂ ಕೈಯಲ್ಲಿ ಸಮನಾಗಿ ಎಳೆದರೆ ಹಿಂಬದಿಯೂ ಓರೆಯಾಗಿ ಕೂರುತ್ತದೆ.

ದಾರ ಹೊಲಿಗೆಯ ಉದ್ದದ 4 ಪಟ್ಟು ಇರಲಿ, ದಪ್ಪ ಚರ್ಮಕ್ಕೆ ಇನ್ನೂ ಜಾಸ್ತಿ.